ಪೆಡಸಾದ ನಾಳ, ದಪ್ಪಗಾದ ಹೃದಯ: ಪದೇ ಪದೇ ಕೇಳುವ ಪ್ರಶ್ನೆಗಳು

ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್, ಮಾಡಿಸಿಕೊಳ್ಳುವಾಗ ಪರದೆಯತ್ತ ಕತ್ತು ತಿರುಗಿಸಿ ಜನ ಕೇಳುವುದೆಲ್ಲ ಹೃದಯದ ಸುದ್ದಿಯೇ: ಪಂಪು ಚೆನ್ನಾಗಿದೆಯಾ, ವಾಲ್ವು ಸರಿಯಿದೆಯಾ, ಗೋಡೆ ಯಾಕೆ ದಪ್ಪ. ಆ ಪಂಪಿಗೆ ಜೋಡಿಸಿದ ಕೊಳವೆ ಹೇಗಿದೆ ಎಂದು ಕೇಳುವವರು ಅಪರೂಪ. ಗೋಡೆಯ ದಪ್ಪ, ಕೋಣೆಯ ಗಾತ್ರ, ಬಡಿದ ಮೇಲೆ ಹೃದಯ ಸಡಿಲಗೊಳ್ಳುವ ರೀತಿ, ಎಲ್ಲದರ ಹಿಂದೆಯೂ ಆ ಕೊಳವೆಯ ಕೈವಾಡ ಇರುತ್ತದೆ. ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ಕಷ್ಟದವು ಕೊನೆಗೆ. ಔಷಧಿ ಬದಲಿಸುವ ತೀರ್ಮಾನ ಮಾತ್ರ ನಿಮ್ಮನ್ನು ನೋಡುತ್ತಿರುವ ವೈದ್ಯರದ್ದೇ.

## ಮೊದಲಿಗೆ

ರಕ್ತನಾಳ ಪೆಡಸಾಗಿದೆ ಅಂದರೆ ಬ್ಲಾಕ್ ಆಗಿದೆ ಅಂತಲೇ?

ಅಲ್ಲ. ಬ್ಲಾಕ್ ಆಗುವುದು ನಾಳದ ಒಳಪದರದಲ್ಲಿ. ಅಲ್ಲಲ್ಲಿ ಕೊಬ್ಬು ಸೇರಿ ಗಂಟು ಕಟ್ಟಿ ದಾರಿ ಕಿರಿದಾಗುತ್ತದೆ. ಪೆಡಸುತನ ನಡುಪದರದ ಕಾಯಿಲೆ. ಅಲ್ಲಿ ರಬ್ಬರಿನಂತೆ ಹಿಗ್ಗಿ ಕುಗ್ಗುವ ಎಲಾಸ್ಟಿನ್ ಎಳೆಗಳು ಹರಿದು, ಹಗ್ಗದಂತೆ ಬಿಗಿಯಾದ ಕೊಲಾಜೆನ್ ಹೆಚ್ಚುತ್ತದೆ, ಕೆಲವರಲ್ಲಿ ಸುಣ್ಣವೂ ಕೂರುತ್ತದೆ. ಇದು ಒಂದು ಜಾಗದ ತೊಂದರೆಯಲ್ಲ, ನಾಳದ ಉದ್ದಕ್ಕೂ ಹರಡಿದ್ದು. ದಾರಿಯೂ ಕಿರಿದಾಗುವುದಿಲ್ಲ. ಹೃದಯದಿಂದ ನೇರವಾಗಿ ಹೊರಡುವ ಮಹಾಪಧಮನಿಯಂತೂ ವಯಸ್ಸಿನೊಂದಿಗೆ ಅಗಲವಾಗುತ್ತಲೇ ಪೆಡಸಾಗುತ್ತದೆ. ಹಾಗಾಗಿ ಆಂಜಿಯೋಗ್ರಾಂ ಕ್ಲೀನ್ ಬಂದವರ ನಾಳ ಮೆತ್ತಗಿದೆ ಎಂದೇನೂ ಇಲ್ಲ. ಎರಡೂ ಕಾಯಿಲೆಗಳ ಕಾರಣಗಳು ಬಹುಪಾಲು ಒಂದೇ ಆಗಿರುವುದರಿಂದ ಒಬ್ಬರಲ್ಲೇ ಎರಡೂ ಕಾಣಿಸಿಕೊಳ್ಳುವುದು ಸಾಮಾನ್ಯ.

ಕೊಳವೆ ಗಟ್ಟಿ ಇದ್ದಷ್ಟೂ ಒಳ್ಳೆಯದಲ್ಲವೇ? ಅದು ಹಿಗ್ಗಬೇಕೇಕೆ?

ಹೃದಯ ರಕ್ತವನ್ನು ತಳ್ಳುವುದು ಕಂತಿನಲ್ಲಿ, ದೇಹಕ್ಕೆ ಬೇಕಿರುವುದು ನಿರಂತರವಾಗಿ. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ಹೊರಬರುತ್ತದೆ. ಅದೂ ಬಡಿತದ ಒಟ್ಟು ಸಮಯದ ಮೂರನೇ ಒಂದು ಭಾಗದಲ್ಲಿ. ಉಳಿದ ಹೊತ್ತು ಹೊರಬಾಗಿಲು ಮುಚ್ಚಿ ಹೃದಯ ತುಂಬಿಕೊಳ್ಳುತ್ತಿರುತ್ತದೆ. ಆ ಹೊತ್ತಿನಲ್ಲೂ ಮಿದುಳು, ಮೂತ್ರಪಿಂಡಗಳಿಗೆ ರಕ್ತ ಹರಿಯುತ್ತಿದೆಯೆಂದರೆ ಅದು ಮಹಾಪಧಮನಿಯ ದಯೆ. ಬಂದ ರಕ್ತದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅದು ಹಿಗ್ಗಿ ತನ್ನೊಳಗೆ ಹಿಡಿದುಕೊಂಡು, ಬಾಗಿಲು ಮುಚ್ಚಿದ ಮೇಲೆ ಕುಗ್ಗುತ್ತ ಮುಂದಕ್ಕೆ ಬಿಡುತ್ತದೆ.

ಕುದುರೆಯ ನಾಳಕ್ಕೆ ಗಾಜಿನ ನಳಿಕೆ ಜೋಡಿಸಿ ರಕ್ತದೊತ್ತಡ ಅಳೆದ ಸ್ಟೀಫನ್ ಹೇಲ್ಸ್ 1733ರಲ್ಲೇ ಇದನ್ನು ಆ ಕಾಲದ ಬೆಂಕಿ ಆರಿಸುವ ಯಂತ್ರಕ್ಕೆ ಹೋಲಿಸಿದ್ದರು. ಆ ಯಂತ್ರದಲ್ಲಿ ಹಿಡಿಕೆ ಒತ್ತಿದಾಗಲೆಲ್ಲ ನೀರು ಒಂದು ಗಾಳಿ ತುಂಬಿದ ಡಬ್ಬಿಗೆ ನುಗ್ಗಿ ಗಾಳಿಯನ್ನು ಅಮುಕುತ್ತಿತ್ತು. ಕೈ ಮೇಲೆತ್ತಿದಾಗ ಆ ಗಾಳಿಯೇ ನೀರನ್ನು ತಳ್ಳುತ್ತಿತ್ತು, ಧಾರೆ ಕಡಿಯುತ್ತಿರಲಿಲ್ಲ. 1899ರಲ್ಲಿ ಜರ್ಮನಿಯ ಒಟ್ಟೊ ಫ್ರಾಂಕ್ ಇದಕ್ಕೆ ಗಣಿತದ ರೂಪ ಕೊಟ್ಟರು.

ಸರಿ, ನಾಳ ಹಿಗ್ಗದಿದ್ದರೆ ಹೃದಯಕ್ಕೇನು ನಷ್ಟ?

ಹೊಸ ಬಲೂನು ಊದುವುದಕ್ಕೂ ದಪ್ಪ ರಬ್ಬರಿನ ಬಲೂನು ಊದುವುದಕ್ಕೂ ಇರುವ ವ್ಯತ್ಯಾಸ ನಿಮ್ಮ ಕೆನ್ನೆಗೆ ಗೊತ್ತು. ಅದೇ 70 ಮಿಲಿಲೀಟರನ್ನು ಹಿಗ್ಗದ ನಾಳಕ್ಕೆ ತುರುಕಲು ಎಡ ಹೃತ್ಕುಕ್ಷಿ, ಅಂದರೆ ಹೃದಯದ ಎಡ ಕೆಳಕೋಣೆ, ಹೆಚ್ಚು ಒತ್ತಡ ಹುಟ್ಟಿಸಬೇಕು. ದಿನಕ್ಕೆ ಸುಮಾರು 1 ಲಕ್ಷ ಸಲ.

ಒತ್ತಡ ಏರಿದರೆ ಗೋಡೆಯ ಪ್ರತಿ ಸ್ನಾಯು ಎಳೆಯ ಮೇಲೂ ಬೀಳುವ ಬಿಗುವು ಏರುತ್ತದೆ. ಲಾಪ್ಲಾಸ್ ಸೂತ್ರದ ಪ್ರಕಾರ ಆ ಬಿಗುವು ಒತ್ತಡಕ್ಕೂ ಕೋಣೆಯ ಅಗಲಕ್ಕೂ ತಕ್ಕಂತೆ ಹೆಚ್ಚುತ್ತದೆ, ಗೋಡೆ ದಪ್ಪಗಾದಷ್ಟೂ ಹಂಚಿಹೋಗಿ ಇಳಿಯುತ್ತದೆ. ಒತ್ತಡ ಇಳಿಸುವುದು ಹೃದಯದ ಕೈಯಲ್ಲಿಲ್ಲ. ಗೋಡೆ ದಪ್ಪ ಮಾಡಿಕೊಳ್ಳುವುದು ಅದರ ಕೈಯಲ್ಲಿದೆ, ಅದನ್ನೇ ಮಾಡುತ್ತದೆ. ಹಳೆಯ ಎಳೆಗಳ ಪಕ್ಕಕ್ಕೆ ಹೊಸ ಎಳೆಗಳು ಸೇರುತ್ತ ಹೋಗುತ್ತವೆ. ಆರಂಭದಲ್ಲಿ ಇದು ಜಾಣ ಉಪಾಯವೇ. ಬೆಲೆ ತೆರಬೇಕಾಗುವುದು ಆಮೇಲೆ: ದಪ್ಪ ಗೋಡೆಗೆ ಹೆಚ್ಚು ಆಮ್ಲಜನಕ ಬೇಕು, ನಡುವೆ ನಾರಿನಂಥ ಅಂಗಾಂಶ ಸೇರುತ್ತದೆ, ಗೋಡೆ ಸಡಿಲಗೊಳ್ಳಲು ತಡಮಾಡುತ್ತದೆ. ನಾಳದ ಪೆಡಸುತನ ಹೃದಯಕ್ಕೂ ಅಂಟುತ್ತದೆ ಎಂದರೂ ತಪ್ಪಲ್ಲ.

ನನಗೆ 64 ವರ್ಷ. ಬಿಪಿ ಮೇಲಿನದು 160, ಕೆಳಗಿನದು 70. ಕೆಳಗಿನದು ಇಷ್ಟು ಚೆನ್ನಾಗಿರುವಾಗ ಮಾತ್ರೆ ಯಾಕೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಅತಿ ಹೆಚ್ಚು ತಪ್ಪು ಸಮಾಧಾನ ಕೊಡುವ ನಂಬರೂ ಆ 70.

160ರಿಂದ 70 ಕಳೆಯಿರಿ. 90 ಬಂತು. ಇದು ನಾಡಿ ಒತ್ತಡ. ನಲವತ್ತರ ಆಸುಪಾಸಿನಲ್ಲಿರುವ ನಾಡಿ ಒತ್ತಡವನ್ನು ಸಾಮಾನ್ಯ ಎನ್ನುತ್ತೇವೆ, 120/80 ಇದ್ದವರಿಗೆ ಅದು 40. ಮೆತ್ತಗಿನ ಮಹಾಪಧಮನಿ ಬಡಿತದ ಪೆಟ್ಟನ್ನು ನುಂಗಿಕೊಂಡು ಮೇಲಿನ ಬಿಪಿಯನ್ನು ತಡೆಯುತ್ತದೆ, ಆಮೇಲೆ ಕುಗ್ಗುತ್ತ ಕೆಳಗಿನ ಬಿಪಿಯನ್ನು ಎತ್ತಿ ಹಿಡಿಯುತ್ತದೆ. ಪೆಡಸಾದ ನಾಳ ಎರಡೂ ಮಾಡದು. ಮೇಲಿನದು ಜಿಗಿಯುತ್ತದೆ, ಕೆಳಗಿನದು ಕುಸಿಯುತ್ತದೆ. ಐವತ್ತು ಐವತ್ತೈದರವರೆಗೆ ಎರಡೂ ಒಟ್ಟಿಗೆ ಏರಿ, ಆಮೇಲೆ ದಾರಿ ಬೇರೆಯಾಗುವುದು ಇದೇ ಕಾರಣಕ್ಕೆ. ಅಂದರೆ ನಿಮ್ಮ 70 ಒಳ್ಳೆಯ ನಾಳದ ಗುರುತಾಗಿರಬೇಕಿಲ್ಲ, ನಾಳ ಕೈಬಿಟ್ಟಿರುವುದರ ಗುರುತೂ ಆಗಿರಬಹುದು.

ಒಂದು ಕಾಲಕ್ಕೆ ವೈದ್ಯರೂ ಕೆಳಗಿನ ನಂಬರನ್ನೇ ನೋಡಿ, ವಯಸ್ಸಾದವರಿಗೆ ಮೇಲಿನದು ಏರುವುದು ಸಹಜ ಎಂದು ಬಿಟ್ಟುಬಿಡುತ್ತಿದ್ದರು. 1991ರಲ್ಲಿ ಪ್ರಕಟವಾದ ಶೆಪ್ ಅಧ್ಯಯನ ಆ ನಂಬಿಕೆ ಮುರಿಯಿತು. 60 ದಾಟಿದ, ಮೇಲಿನ ಬಿಪಿ ಮಾತ್ರ ಏರಿದ್ದ 4,736 ಜನರಲ್ಲಿ ಕ್ಲೋರ್‌ಥಾಲಿಡೋನ್ ಎಂಬ ಅಗ್ಗದ ಮಾತ್ರೆಯಿಂದ ಶುರುಮಾಡಿ ಬಿಪಿ ಇಳಿಸಿದಾಗ ಪಾರ್ಶ್ವವಾಯು ಶೇ. 36ರಷ್ಟು ಕಡಿಮೆಯಾಯಿತು. ಹೃದಯ ವೈಫಲ್ಯವಂತೂ ಸುಮಾರು ಅರ್ಧಕ್ಕೆ ಇಳಿಯಿತು.

ವಯಸ್ಸಾದರೆ ಎಲ್ಲರಿಗೂ ಇದೇ ಗತಿ. ಅದಕ್ಕೆ ಕಾಯಿಲೆಯ ಹೆಸರೇಕೆ?

ಸ್ವಲ್ಪ ಮಟ್ಟಿಗೆ ಒಪ್ಪುತ್ತೇನೆ. ನಮ್ಮ ಎಲಾಸ್ಟಿನ್ ಬಹುಪಾಲು ಹುಟ್ಟುವ ಮುಂಚೆ ಮತ್ತು ಬಾಲ್ಯದಲ್ಲಿ ತಯಾರಾಗಿ ಮುಗಿದಿರುತ್ತದೆ. ಅರವತ್ತರ ಹೊತ್ತಿಗೆ 200 ಕೋಟಿಗೂ ಹೆಚ್ಚು ಸಲ ಹಿಗ್ಗಿ ಕುಗ್ಗಿದ ರಬ್ಬರು ಅದು, ಹರಿಯುವುದರಲ್ಲಿ ಅಚ್ಚರಿಯಿಲ್ಲ. ಆದರೆ ಎಲ್ಲರಲ್ಲೂ ಒಂದೇ ವೇಗದಲ್ಲಿ ಹರಿಯುವುದಿಲ್ಲ. ಸಕ್ಕರೆ ಕಾಯಿಲೆಯಲ್ಲಿ ಗ್ಲೂಕೋಸ್ ಹೋಗಿ ಕೊಲಾಜೆನ್ ಎಳೆಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಮೂತ್ರಪಿಂಡ ಸೋತವರಲ್ಲಿ ನಡುಪದರಕ್ಕೆ ಸುಣ್ಣ ಬೇಗ ಕೂರುತ್ತದೆ. ಧೂಮಪಾನ, ಬೊಜ್ಜು, ಹೆಚ್ಚು ಉಪ್ಪು ಎಲ್ಲವೂ ಕೈಜೋಡಿಸುತ್ತವೆ. ಇನ್ನೊಂದು ತುದಿಯಲ್ಲಿ, ಊಟಕ್ಕೆ ಉಪ್ಪು ಬಳಸದ ಅಮೆಜಾನ್ ಕಾಡಿನ ಯಾನೊಮಾಮಿ ಜನರಲ್ಲಿ ವಯಸ್ಸಿನೊಂದಿಗೆ ಬಿಪಿ ಏರುವುದೇ ಇಲ್ಲ ಎನ್ನಬಹುದು. ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟುವುದು ಅನ್ಯಾಯ.

## ವರದಿ ಕೈಗೆ ಬಂದಾಗ

ಎಕೋದಲ್ಲಿ "ಕಾನ್ಸೆಂಟ್ರಿಕ್ ಎಲ್‌ವಿಎಚ್" ಅಂತ ಬರೆದಿದ್ದಾರೆ. ಏನು ಹಾಗಂದರೆ?

ಎಡ ಹೃತ್ಕುಕ್ಷಿಯ ಗೋಡೆ ಸುತ್ತಲೂ ದಪ್ಪಗಾಗಿದೆ, ಒಳಗಿನ ಕೋಣೆ ದೊಡ್ಡದಾಗಿಲ್ಲ ಎಂದರ್ಥ. ವರದಿಯಲ್ಲಿರುವ ಅಳತೆಗಳಿಂದ ನೀವೇ ಲೆಕ್ಕ ಹಾಕಬಹುದು. ಹೃದಯ ತುಂಬಿದ್ದಾಗ ಹಿಂಗೋಡೆ 11 ಮಿ.ಮೀ., ಕೋಣೆಯ ಅಗಲ 44 ಮಿ.ಮೀ. ಇದೆಯೆನ್ನಿ. ಗೋಡೆಯನ್ನು ಎರಡರಿಂದ ಗುಣಿಸಿ ಅಗಲದಿಂದ ಭಾಗಿಸಿ: 22ನ್ನು 44ರಿಂದ ಭಾಗಿಸಿದರೆ 0.50. ಇದು 0.42 ದಾಟಿದರೆ ಗೋಡೆ ಕೋಣೆಗೆ ಹೋಲಿಸಿದರೆ ದಪ್ಪವಾಯಿತು.

ಎರಡನೆಯ ಪ್ರಶ್ನೆ ಒಟ್ಟು ಸ್ನಾಯುವಿನ ತೂಕ. ದೇಹದ ಮೇಲ್ಮೈ ವಿಸ್ತೀರ್ಣದ ಪ್ರತಿ ಚದರ ಮೀಟರಿಗೆ ಹೆಂಗಸರಲ್ಲಿ 95 ಗ್ರಾಂ, ಗಂಡಸರಲ್ಲಿ 115 ಗ್ರಾಂ ಮೀರಿದರೆ ಎಲ್‌ವಿಎಚ್. ಗೋಡೆ ದಪ್ಪ, ತೂಕವೂ ಹೆಚ್ಚು ಎಂದಾದರೆ ನಿಮ್ಮ ವರದಿಯಲ್ಲಿರುವ ಪದ. ಗೋಡೆ ದಪ್ಪವಿದ್ದು ತೂಕ ಮಿತಿಯೊಳಗಿದ್ದರೆ "ಕಾನ್ಸೆಂಟ್ರಿಕ್ ರೀಮಾಡೆಲಿಂಗ್" ಎಂದು ಬರೆಯುತ್ತಾರೆ. ವಯಸ್ಸಾದವರ ಪೆಡಸು ನಾಳದ ಜೊತೆ ನಾವು ಮತ್ತೆ ಮತ್ತೆ ನೋಡುವುದು ಇದನ್ನೇ, ಅದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಕೋಣೆ ಅಗಲವಾಗಿ ತೂಕ ಹೆಚ್ಚಿದರೆ "ಎಕ್ಸೆಂಟ್ರಿಕ್". ಅದು ಹೆಚ್ಚಾಗಿ ರಕ್ತದ ಪ್ರಮಾಣದ ಹೊರೆಯಿಂದ ಬರುವಂಥದ್ದು, ಉದಾಹರಣೆಗೆ ಸೋರುವ ವಾಲ್ವಿನಿಂದ.

ಇಎಫ್ 65 ಇದೆ, ಪಂಪಿಂಗ್ ಫಸ್ಟ್ ಕ್ಲಾಸ್ ಅಂದರು. ಆದರೂ ಎರಡು ಮಹಡಿ ಹತ್ತಿದರೆ ಏದುಸಿರು. ಯಾಕೆ?

ಇಎಫ್ ಹೇಳುವುದು ಕೋಣೆಯಲ್ಲಿ ತುಂಬಿದ್ದರಲ್ಲಿ ಶೇಕಡಾ ಎಷ್ಟು ಪಾಲು ಹೊರಹಾಕಿತು ಎಂಬುದನ್ನು ಮಾತ್ರ. ಎಷ್ಟು ಸಲೀಸಾಗಿ ತುಂಬಿತು ಎಂಬುದು ಅದರಲ್ಲಿಲ್ಲ. ದಪ್ಪಗಾದ ಕೋಣೆ ಸಡಿಲವಾಗಲು ಒಪ್ಪದಿದ್ದಾಗ ಹೆಚ್ಚು ಒತ್ತಡದಲ್ಲಿ ತುಂಬಬೇಕಾಗುತ್ತದೆ. ಆ ಒತ್ತಡ ಹಿಂದಕ್ಕೆ ಶ್ವಾಸಕೋಶದವರೆಗೆ ಹೋಗುತ್ತದೆ. ಕೂತಿದ್ದಾಗ ಗೊತ್ತಾಗುವುದಿಲ್ಲ. ಮೆಟ್ಟಿಲು ಹತ್ತುವಾಗ ಬಡಿತ ಏರುತ್ತದೆ, ತುಂಬಿಕೊಳ್ಳಲು ಸಿಗುವ ಸಮಯ ಇಳಿಯುತ್ತದೆ, ಅದೇ ಹೊತ್ತಿಗೆ ಪೆಡಸು ನಾಳದಲ್ಲಿ ಬಿಪಿ ಸರ್ರನೆ ಮೇಲೇರುತ್ತದೆ. ಎರಡೂ ಕಡೆಯಿಂದ ಹೃದಯ ಸಿಕ್ಕಿಬೀಳುತ್ತದೆ. ಇಎಫ್ 50 ಅಥವಾ ಹೆಚ್ಚಿದ್ದೂ ಹೃದಯ ವೈಫಲ್ಯ ಆಗಬಹುದು, ಅದು ಅಪರೂಪವೂ ಅಲ್ಲ. ವರದಿಯಲ್ಲಿ "ಡಯಾಸ್ಟೋಲಿಕ್ ಡಿಸ್‌ಫಂಕ್ಷನ್", ಅಂದರೆ ಸಡಿಲಗೊಂಡು ತುಂಬಿಕೊಳ್ಳುವುದರಲ್ಲಿ ತೊಂದರೆ, ಎಂಬ ಸಾಲು ಇದೆಯೇ ನೋಡಿ. ಏದುಸಿರಿಗೆ ರಕ್ತಹೀನತೆ, ಶ್ವಾಸಕೋಶ, ತೂಕ ಹೀಗೆ ಬೇರೆ ಕಾರಣಗಳೂ ಇರುತ್ತವೆ. "ಇಎಫ್ ಚೆನ್ನಾಗಿದೆ, ಏನೂ ಇಲ್ಲ" ಎಂಬ ಮಾತಿಗೆ ಮಾತ್ರ ತೃಪ್ತರಾಗಬೇಡಿ.

ಎಡ ಹೃತ್ಕರ್ಣ ದೊಡ್ಡದಾಗಿದೆ ಅಂತ ಇದೆ. ಅದಕ್ಕೂ ರಕ್ತನಾಳಕ್ಕೂ ಎಲ್ಲಿಂದೆಲ್ಲಿಯ ನಂಟು?

ಸರಪಳಿಯ ಮೂರನೇ ಕೊಂಡಿ ಅದು. ನಾಳ ಪೆಡಸಾಯಿತು, ಕೆಳಕೋಣೆ ದಪ್ಪಗಾಯಿತು, ಅದರೊಳಗೆ ರಕ್ತ ನೂಕಲು ಮೇಲಿನ ತೆಳ್ಳನೆಯ ಕೋಣೆ ವರ್ಷಗಟ್ಟಲೆ ಹೆಣಗಿ ಹಿಗ್ಗಿತು. ಚದರ ಮೀಟರಿಗೆ 34 ಮಿಲಿಲೀಟರ್ ದಾಟಿದರೆ ಹಿಗ್ಗಿದೆ ಎನ್ನುತ್ತೇವೆ. ನನ್ನ ಮಟ್ಟಿಗೆ ಇಡೀ ವರದಿಯಲ್ಲಿ ಅತಿ ಪ್ರಾಮಾಣಿಕ ಅಳತೆ ಇದು. ಬಿಪಿ ಗಳಿಗೆಗೊಂದು ಮಾತಾಡುತ್ತದೆ, ಹೃತ್ಕರ್ಣ ವರ್ಷಗಳ ಲೆಕ್ಕ ಇಟ್ಟಿರುತ್ತದೆ. ಹಿಗ್ಗಿದ ಹೃತ್ಕರ್ಣದಲ್ಲಿ ಬಡಿತದ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಸುಲಭವಾಗಿ ಶುರುವಾಗುತ್ತದೆ. ಅದರಿಂದ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋಗುವ ಅಪಾಯವಿದೆ.

ಇಸಿಜಿ ನಾರ್ಮಲ್ ಬಂದಿದೆ. ಅಂದಮೇಲೆ ಗೋಡೆ ದಪ್ಪ ಇರಲಿಕ್ಕಿಲ್ಲ ಅಲ್ಲವೇ?

ಹಾಗೆ ಹೇಳಲಾಗದು. ಇಸಿಜಿಯಲ್ಲಿ ಎಲ್‌ವಿಎಚ್ ಕಂಡರೆ ನಂಬಬಹುದು, ಕಾಣದಿದ್ದರೆ ಇಲ್ಲವೆಂದಲ್ಲ. ದಪ್ಪಗಾದ ಬಹಳಷ್ಟು ಹೃದಯಗಳು ಇಸಿಜಿಯ ಕಣ್ಣು ತಪ್ಪಿಸುತ್ತವೆ, ಮೈ ದಪ್ಪ ಇರುವವರಲ್ಲಿ ಇನ್ನೂ ಹೆಚ್ಚು.

ನಾನು ಹದಿನೈದು ವರ್ಷದಿಂದ ಓಡುತ್ತೇನೆ. ಗೋಡೆ 11 ಮಿ.ಮೀ. ಅಂದರು. ಗಾಬರಿಯಾಗಿದೆ.

ಗಂಡಸರಲ್ಲಿ ಸಾಮಾನ್ಯ ಮಿತಿ 10 ಮಿ.ಮೀ., ಹೆಂಗಸರಲ್ಲಿ 9. ಓಟಗಾರರ ಹೃದಯ ಸ್ವಲ್ಪ ದಪ್ಪಗಾಗುವುದುಂಟು. ಆದರೆ ಜೊತೆಗೆ ಕೋಣೆಯೂ ಅಗಲವಾಗಿರುತ್ತದೆ, ಸಡಿಲವಾಗುವ ವೇಗ ಚೆನ್ನಾಗಿರುತ್ತದೆ, ತರಬೇತಿ ನಿಲ್ಲಿಸಿದರೆ ಗೋಡೆ ಹಿಂದಕ್ಕೆ ಬರುತ್ತದೆ. ಪೆಡಸು ನಾಳ ಕಟ್ಟಿದ ಗೋಡೆಯಲ್ಲಿ ಇದು ಯಾವುದೂ ಕಾಣದು. ಬಿಪಿ ಹೇಗಿದೆ ಎಂಬುದೇ ಇಲ್ಲಿ ಮೊದಲ ಪ್ರಶ್ನೆ. ಓಟಗಾರರಿಗೆ ಬಿಪಿ ಬರುವುದಿಲ್ಲ ಎಂಬುದು ಬರೀ ನಂಬಿಕೆ.

ನಾಳ ಎಷ್ಟು ಪೆಡಸಾಗಿದೆ ಅಂತ ಅಳೆಯುವುದು ಹೇಗೆ?

ಕಂಬಿ ಬಿಗಿಯಾದಷ್ಟೂ ಅದರ ಮೇಲೆ ಕುಟ್ಟಿದ ಪೆಟ್ಟು ಬೇಗ ಆ ತುದಿ ಮುಟ್ಟುತ್ತದೆ. ನಾಳವೂ ಹಾಗೆಯೇ. ಕುತ್ತಿಗೆಯಲ್ಲೊಂದು, ತೊಡೆಸಂದಿಯಲ್ಲೊಂದು ಸಂವೇದಕ ಇಟ್ಟು, ಒಂದೇ ಬಡಿತದ ಅಲೆ ಎರಡೂ ಕಡೆ ತಲುಪುವ ಸಮಯದ ಅಂತರ ಹಿಡಿಯುತ್ತಾರೆ. ಎರಡು ಜಾಗಗಳ ನಡುವೆ ಟೇಪಿನಲ್ಲಿ 62.5 ಸೆಂ.ಮೀ. ಬಂತೆನ್ನಿ. ವಾಡಿಕೆಯಂತೆ ಅದರ ಶೇ. 80, ಅಂದರೆ 50 ಸೆಂ.ಮೀ., ತೆಗೆದುಕೊಳ್ಳುತ್ತಾರೆ. ಅಂತರ 80 ಮಿಲಿಸೆಕೆಂಡ್ ಇದ್ದರೆ ಅಲೆಯ ವೇಗ ಸೆಕೆಂಡಿಗೆ 6.25 ಮೀಟರ್, ಚೆನ್ನಾಗಿದೆ. ಬರೀ 45 ಮಿಲಿಸೆಕೆಂಡ್ ಇದ್ದರೆ ವೇಗ 11 ಮೀಟರ್ ದಾಟಿತು. 10 ಮೀಟರ್ ಮೀರಿದರೆ ಪೆಡಸು ಎಂಬುದು 2012ರಿಂದ ಚಾಲ್ತಿಯಲ್ಲಿರುವ ಗಡಿ. ಪರೀಕ್ಷೆಗೆ ಮುಂಚೆ ಕನಿಷ್ಠ ಹತ್ತು ನಿಮಿಷ ಸುಮ್ಮನೆ ಮಲಗಿರಬೇಕು. ಬಿಪಿ ಏರಿದ್ದರೆ ವೇಗವೂ ಏರಿರುತ್ತದೆ, ಅದನ್ನು ಬಿಟ್ಟು ಈ ನಂಬರನ್ನು ಓದಬಾರದು.

ಸೆಕೆಂಡಿಗೆ 10 ಮೀಟರ್! ರಕ್ತ ಅಷ್ಟು ಜೋರಾಗಿ ಓಡುತ್ತದೆಯೇ?

ಇಲ್ಲ, ಓಡುವುದು ಅಲೆ. ಕೊಳದಲ್ಲಿ ಕಲ್ಲು ಬಿದ್ದರೆ ಅಲೆ ದಡ ಸೇರುತ್ತದೆ, ನೀರು ಅಲ್ಲೇ ಇರುತ್ತದೆ. ಮಹಾಪಧಮನಿಯಲ್ಲಿ ರಕ್ತದ ವೇಗ ಅತಿ ಜೋರಾದ ಕ್ಷಣದಲ್ಲೂ ಸೆಕೆಂಡಿಗೆ 1 ಮೀಟರಿನ ಆಸುಪಾಸು.

## ಸರಿಪಡಿಸುವ ಮಾತು

ದಪ್ಪಗಾದ ಗೋಡೆ ಮತ್ತೆ ತೆಳ್ಳಗಾಗುತ್ತದೆಯೇ?

ಆಗುತ್ತದೆ, ಇದು ಒಳ್ಳೆಯ ಸುದ್ದಿ. ಬಿಪಿ ಹತೋಟಿಗೆ ಬಂದು ಹಾಗೇ ಉಳಿದರೆ ತಿಂಗಳುಗಳಲ್ಲಿ ಇಳಿಕೆ ಶುರುವಾಗಿ ಒಂದೆರಡು ವರ್ಷ ಮುಂದುವರಿಯುತ್ತದೆ. 2002ರಲ್ಲಿ ಪ್ರಕಟವಾದ ಲೈಫ್ ಅಧ್ಯಯನದಲ್ಲಿ ಎಲ್‌ವಿಎಚ್ ಇದ್ದ 9,193 ಬಿಪಿ ರೋಗಿಗಳಿದ್ದರು. ಲೊಸಾರ್ಟನ್ ಮತ್ತು ಅಟೆನೊಲಾಲ್ ಎರಡೂ ಬಿಪಿಯನ್ನು ಹೆಚ್ಚುಕಡಿಮೆ ಒಂದೇ ಸಮ ಇಳಿಸಿದವು. ಆದರೆ ಎಲ್‌ವಿಎಚ್ ಹೆಚ್ಚು ಇಳಿದದ್ದು ಲೊಸಾರ್ಟನ್ ಗುಂಪಿನಲ್ಲಿ, ಪಾರ್ಶ್ವವಾಯು ಕಡಿಮೆಯಾದದ್ದೂ ಅಲ್ಲೇ. ಒಂದು ಎಚ್ಚರಿಕೆ: ಎಕೋದಲ್ಲಿ 1 ಮಿ.ಮೀ. ವ್ಯತ್ಯಾಸ ಅಳೆಯುವವರ ಕೈಯಿಂದಲೇ ಬರಬಹುದು. ಆರು ತಿಂಗಳಲ್ಲಿ 12 ಇದ್ದದ್ದು 11 ಆಯಿತೆಂದು ಹಿಗ್ಗುವುದೂ ಬೇಡ, 13 ಆಯಿತೆಂದು ಕುಗ್ಗುವುದೂ ಬೇಡ.

ಹಾಗಾದರೆ ನಾಳವೂ ಮೆತ್ತಗಾಗುತ್ತದೆಯೇ?

ಇಲ್ಲಿ ಅಷ್ಟು ಧಾರಾಳವಾಗಿ ಹೇಳಲಾರೆ. ಹರಿದ ಎಲಾಸ್ಟಿನ್ ಮತ್ತೆ ಹೆಣೆಯುವ ಮದ್ದಿಲ್ಲ. ಸಕ್ಕರೆ ಬೆಸೆದ ಎಳೆಗಳನ್ನು ಬಿಡಿಸುತ್ತದೆಂದು ಅಲಾಜೆಬ್ರಿಯಂ ಎಂಬ ಔಷಧಿ ಆಸೆ ಹುಟ್ಟಿಸಿತ್ತು, ಅದು ಮಾರುಕಟ್ಟೆ ಮುಟ್ಟಲೇ ಇಲ್ಲ. ಆದರೆ ಪೆಡಸುತನದಲ್ಲಿ ಒಂದು ಪಾಲು ಒತ್ತಡದಿಂದಲೇ ಬಂದದ್ದು. ಒತ್ತಡ ಇಳಿದರೆ ಭಾರ ಎಲಾಸ್ಟಿನ್ ಮೇಲೆ ಬೀಳುತ್ತದೆ, ಏರಿದರೆ ಬಿಗಿ ಕೊಲಾಜೆನ್ ಮೇಲೆ. ಹಾಗಾಗಿ ಬಿಪಿ ಇಳಿಸುವುದರಿಂದ, ಉಪ್ಪು ದಿನಕ್ಕೆ 5 ಗ್ರಾಂ ಒಳಗಿಡುವುದರಿಂದ, ತೂಕ ಇಳಿಸುವುದರಿಂದ, ಧೂಮಪಾನ ಬಿಡುವುದರಿಂದ ನಾಳ ಸಡಿಲವಾಗುತ್ತದೆ. ಬಿರುಸಿನ ನಡಿಗೆ, ಈಜು, ಸೈಕಲ್ ವಾರಕ್ಕೆ 150ರಿಂದ 300 ನಿಮಿಷ ಇರಲಿ. ತೂಕ ಎತ್ತುವುದನ್ನು ಬಿಡಬೇಕಿಲ್ಲ, ಉಸಿರು ಬಿಗಿಹಿಡಿದು ಎತ್ತುವುದನ್ನು ಬಿಡಿ. ಆ ಕ್ಷಣ ಬಿಪಿ ಎಲ್ಲಿಗೆ ಹೋಗುತ್ತದೆಂದು ನೋಡಿದರೆ ನೀವೇ ಹೆದರುತ್ತೀರಿ.

ಮಾತ್ರೆ ತೆಗೆದುಕೊಂಡ ಮೇಲೆ ಕೆಳಗಿನದು 58ಕ್ಕೆ ಇಳಿದಿದೆ. ನಿಲ್ಲಿಸಿಬಿಡಲೇ?

ನೀವಾಗಿ ನಿಲ್ಲಿಸಬೇಡಿ, ಆದರೆ ವೈದ್ಯರಿಗೆ ತಿಳಿಸಿ. ಹೃದಯದ ಎಡಭಾಗದ ಸ್ನಾಯುವಿಗೆ ರಕ್ತ ಹೆಚ್ಚಾಗಿ ಸಿಗುವುದು ಬಡಿತ ಬಡಿತದ ನಡುವಿನ ಬಿಡುವಿನಲ್ಲಿ, ಆಗ ಅದನ್ನು ತಳ್ಳುವುದು ಕೆಳಗಿನ ಒತ್ತಡ. ಗೋಡೆ ದಪ್ಪವಿದ್ದು ಬೇಡಿಕೆ ಹೆಚ್ಚಿರುವಾಗ ಆ ಒತ್ತಡ ತೀರಾ ಕುಸಿದರೆ ಗಾಯದ ಮೇಲೆ ಬರೆ. ಎದ್ದು ನಿಂತಾಗ ತಲೆ ಸುತ್ತುತ್ತದೆಯೇ, ನಿಂತು ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಬಿಪಿ ಎಷ್ಟಿದೆ ಎಂದು ಬರೆದುಕೊಂಡು ಹೋಗಿ. ತೀರ್ಮಾನಕ್ಕೆ ಆ ಚೀಟಿ ತುಂಬ ಸಹಾಯವಾಗುತ್ತದೆ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಬಿಪಿಯಿಂದ ನಾಳ ಪೆಡಸಾಯಿತೋ, ನಾಳ ಪೆಡಸಾಗಿ ಬಿಪಿ ಬಂತೋ?

ಬಹುಕಾಲ ಬಿಪಿಯನ್ನೇ ಆರೋಪಿ ಮಾಡಿದ್ದೆವು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಜನರನ್ನು ದಶಕಗಳಿಂದ ಗಮನಿಸುತ್ತಿರುವ ಹೃದಯ ಅಧ್ಯಯನದ 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಮೊದಲು ನಾಳ ಪೆಡಸಾಗಿದ್ದವರಿಗೆ ಮುಂದಿನ ವರ್ಷಗಳಲ್ಲಿ ಬಿಪಿ ಏರುವ ಸಾಧ್ಯತೆ ಹೆಚ್ಚು ಎಂದು ಕಂಡಿತು. ಮೊದಲ ಬಿಪಿಗೂ ಮುಂದಿನ ಪೆಡಸುತನಕ್ಕೂ ಅಂಥ ನಂಟು ಕಾಣಲಿಲ್ಲ. ಅದು ನಡುವಯಸ್ಸು ದಾಟಿದವರ ಮಾತು. ಹರೆಯದವರಲ್ಲಿ, ಮೂತ್ರಪಿಂಡದ ಕಾಯಿಲೆಯಲ್ಲಿ ದಾರಿ ಬೇರೆಯಿರಬಹುದು. ಒಮ್ಮೆ ಶುರುವಾದ ಮೇಲೆ ಎರಡೂ ಒಂದನ್ನೊಂದು ಬೆಳೆಸುತ್ತವೆ ಎಂಬುದರಲ್ಲಿ ತಕರಾರಿಲ್ಲ.

ತೋಳಿನಲ್ಲಿ ಅಳೆದ ಬಿಪಿಯನ್ನೇ ಹೃದಯವೂ ಎದುರಿಸುತ್ತದೆಯೇ?

ಪೂರ್ತಿ ಅಲ್ಲ. ಎಳೆಯರಲ್ಲಿ ತೋಳಿನಲ್ಲಿ ಅಳೆದ ಮೇಲಿನ ಬಿಪಿ ಮಹಾಪಧಮನಿಯದಕ್ಕಿಂತ ಹತ್ತು ಹದಿನೈದು ಹೆಚ್ಚೇ ಇರುತ್ತದೆ. ಅಲೆ ಹೊರಕ್ಕೆ ಹೋಗುತ್ತ ಚೂಪಾಗುವುದರಿಂದ ಹೀಗೆ. ನಾಳ ಪೆಡಸಾದಂತೆ ಈ ಅಂತರ ಅಳಿಸಿಹೋಗುತ್ತದೆ. ಇಪ್ಪತ್ತರ ಹುಡುಗನ 140ಕ್ಕೂ ಎಪ್ಪತ್ತರ ಹಿರಿಯರ 140ಕ್ಕೂ ಹೃದಯದ ಬಾಗಿಲಲ್ಲಿ ಬೆಲೆ ಬೇರೆ. 2006ರ ಕೆಫೆ ಅಧ್ಯಯನ ಇದನ್ನು ಔಷಧಿಗಳಲ್ಲಿ ತೋರಿಸಿತು: ಅಮ್ಲೋಡಿಪಿನ್ ಗುಂಪಿಗೂ ಅಟೆನೊಲಾಲ್ ಗುಂಪಿಗೂ ತೋಳಿನ ಬಿಪಿ ಹೆಚ್ಚುಕಡಿಮೆ ಒಂದೇ, ಆದರೆ ಮಹಾಪಧಮನಿಯೊಳಗಿನ ಮೇಲಿನ ಬಿಪಿ ಅಮ್ಲೋಡಿಪಿನ್ ಗುಂಪಿನಲ್ಲಿ 4 ಅಂಕಗಳಷ್ಟು ಕಡಿಮೆ.

"ವಾಪಸ್ಸು ಬರುವ ಅಲೆ" ಹೃದಯವನ್ನು ಕೆಡಿಸುತ್ತದೆ ಅಂತ ಓದಿದೆ. ನಿಜವೇ?

ಮುಂದೆ ಹೋದ ಅಲೆಯ ಒಂದು ಪಾಲು ನಾಳ ಕವಲೊಡೆಯುವಲ್ಲಿ ಬಡಿದು ಹಿಂದಿರುಗುತ್ತದೆ. ಮೆತ್ತಗಿನ ನಾಳದಲ್ಲಿ ಅದು ನಿಧಾನವಾಗಿ, ಹೃದಯ ಬಾಗಿಲು ಮುಚ್ಚಿದ ಮೇಲೆ ಬಂದು ಕೆಳಗಿನ ಬಿಪಿಗೆ ಆಸರೆಯಾಗುತ್ತದೆ. ಪೆಡಸು ನಾಳದಲ್ಲಿ ಬೇಗ ಬಂದು, ಇನ್ನೂ ತಳ್ಳುತ್ತಿರುವ ಹೃದಯಕ್ಕೇ ಎದುರಾಗುತ್ತದೆ. ಅದರಲ್ಲೂ ಬಡಿತದ ಕೊನೆಯ ಭಾಗದ ಈ ಎದುರೇಟು ಗೋಡೆ ದಪ್ಪವಾಗುವುದಕ್ಕೆ, ಸಡಿಲವಾಗಲು ತಡವಾಗುವುದಕ್ಕೆ ತಳುಕು ಹಾಕಿಕೊಂಡಿದೆ. ಇಷ್ಟು ಚಂದದ ಕಥೆಯನ್ನು ಎಲ್ಲರೂ ಒಪ್ಪಿಲ್ಲ. ವಯಸ್ಸಾದವರಲ್ಲಿ ನಾಡಿ ಒತ್ತಡ ಏರುವುದಕ್ಕೆ ಮುಖ್ಯ ಕಾರಣ ಮುಂದೆ ಹೋಗುವ ಅಲೆಯೇ ದೊಡ್ಡದಾಗಿರುವುದು ಎನ್ನುವ ಪಕ್ಷವೂ ಬಲವಾಗಿದೆ. ನಾನು ಆ ಕಡೆಗೇ ವಾಲುತ್ತೇನೆ.

ಈ ತರಹದ ಹೃದಯ ವೈಫಲ್ಯ ಹೆಂಗಸರಲ್ಲೇ ಯಾಕೆ ಹೆಚ್ಚು?

ಇಎಫ್ ಚೆನ್ನಾಗಿರುವ ಬಗೆಯಲ್ಲಿ ಹೆಂಗಸರೇ ಹೆಚ್ಚು, ನಿಜ. ಮುಟ್ಟು ನಿಂತ ಮೇಲೆ ನಾಳ ಪೆಡಸಾಗುವ ವೇಗ ಏರುತ್ತದೆ. ಎತ್ತರ ಕಡಿಮೆಯಿದ್ದರೆ ಅಲೆ ಹಿಂದಿರುಗುವ ದಾರಿಯೂ ಗಿಡ್ಡ. ಕೋಣೆ ಚಿಕ್ಕದಿರುವುದರಿಂದ ಸ್ವಲ್ಪ ದಪ್ಪಗಾದರೂ ತುಂಬುವುದು ಕಷ್ಟ.

ಪ್ರತಿ ಬಡಿತಕ್ಕೂ ಹೃದಯ ಮಹಾಪಧಮನಿಯನ್ನು ಕೆಳಕ್ಕೆ ಜಗ್ಗುತ್ತದೆಯಂತೆ, ಹೌದೇ?

ಹೌದು, ಬಹಳ ಜನ ಗಮನಿಸದ ಸಂಗತಿ ಇದು. ಹೃದಯ ಹಿಂಡಿಕೊಳ್ಳುವುದು ಅಡ್ಡಡ್ಡಲಾಗಿ ಮಾತ್ರವಲ್ಲ, ಉದ್ದುದ್ದಕ್ಕೂ. ತುದಿ ಹೆಚ್ಚುಕಡಿಮೆ ಅಲ್ಲೇ ನಿಂತಿರುತ್ತದೆ, ವಾಲ್ವುಗಳಿರುವ ಬುಡ ತುದಿಯ ಕಡೆಗೆ ಇಳಿದು ಬರುತ್ತದೆ. ಎಕೋ ಪರದೆಯಲ್ಲಿ ಎಡ ಮೇಲುಕೋಣೆ ಕೆಳಕೋಣೆಗಳ ನಡುವಿನ ಮೈಟ್ರಲ್ ವಾಲ್ವಿನ ಬಳೆಯನ್ನೇ ನೋಡುತ್ತಿದ್ದರೆ ಅದು ಬಡಿತಕ್ಕೊಮ್ಮೆ ಒಂದು ಸೆಂಟಿಮೀಟರಿಗೂ ಹೆಚ್ಚು ಇಳಿದು ಮೇಲೇರುವುದು ಕಾಣುತ್ತದೆ. ಆ ಬುಡಕ್ಕೇ ಮಹಾಪಧಮನಿಯೂ ಅಂಟಿದೆ, ಅದೂ ಜೊತೆಗೆ ಕೆಳಕ್ಕೆ ಜಗ್ಗಿಸಿಕೊಳ್ಳುತ್ತದೆ. ಮೆತ್ತಗಿದ್ದರೆ ಹಿಗ್ಗಿ, ಆಮೇಲೆ ಸ್ಪ್ರಿಂಗಿನಂತೆ ಬುಡವನ್ನು ಮೇಲಕ್ಕೆಳೆದು ಕೋಣೆ ತುಂಬಲು ನೆರವಾಗುತ್ತದೆ. ಪೆಡಸಾಗಿದ್ದರೆ ಜಗ್ಗಲೂ ಬಿಡದು, ಮೇಲಕ್ಕೆಳೆಯುವ ನೆರವನ್ನೂ ಕೊಡದು. ಇಎಫ್ ಇನ್ನೂ 65 ಎನ್ನುತ್ತಿರುವಾಗಲೇ ಆ ಬಳೆಯ ಓಡಾಟ 7–8 ಮಿ.ಮೀ.ಗೆ ಇಳಿದಿರುವುದನ್ನು ಎಕೋ ಮೇಜಿನ ಮುಂದೆ ಕೂತವರು ಆಗಾಗ ನೋಡುತ್ತಿರುತ್ತಾರೆ.